ಏಕವ್ಯಕ್ತಿ ಬೈಬಲ್ ನಾಟಕಕ್ಕೆ ನಟನ ಸಿದ್ಧತೆ

ಈಡಿಪಸ್, ಲಿಯರ್ ದೊರೆ, ಬಿ.ಎಂ.ಶ್ರೀ. ಅವರ ಅಶ್ವತ್ಥಾಮನ್‌ನಂಥ ಪಾತ್ರಗಳಲ್ಲಿ ಪಳಗಿದ ಮೈಸೂರಿನ ನಟರು ಬೈಬಲಿನ ಕಥನವನ್ನು ಒಬ್ಬರೇ ಆಡಲು ಹೊರಟಾಗ, ಒಂದೇ ಪಾತ್ರದೊಳಗೆ ಪೂರ್ತಿ ಇಳಿದುಬಿಡುವ ಅಭ್ಯಾಸವನ್ನು ಮೊದಲು ಸಡಿಲಿಸಿಕೊಳ್ಳಬೇಕು. ಇಲ್ಲಿ ಮುಖ್ಯ ಪಾತ್ರ ಕಥೆ ಹೇಳುವವನದು. ಯೇಸು, ಅವನ ಶಿಷ್ಯ ಪೇತ್ರ, ತೀರ್ಪು ಕೊಟ್ಟ ರೋಮನ್ ಅಧಿಕಾರಿ ಪಿಲಾತ ಎಲ್ಲರೂ ಅವನ ಬಾಯಲ್ಲಿ ಬಂದುಹೋಗುವವರು. ಹರಿಕಥೆ ಕೇಳಿ ಬೆಳೆದವರಿಗೆ ಈ ಕ್ರಮ ಹೊಸದಲ್ಲ.

ಮೊದಲ ಪ್ರಯೋಗಕ್ಕೆ ಮಾರ್ಕನ ಸುವಾರ್ತೆಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಅದು ಅತ್ಯಂತ ಚಿಕ್ಕದು, 16 ಅಧ್ಯಾಯಗಳದು. ಉಪದೇಶಕ್ಕಿಂತ ಘಟನೆಗಳೇ ಅಲ್ಲಿ ಹೆಚ್ಚು. ಆಂಗ್ಲ ನಟ ಅಲೆಕ್ ಮ್ಯಾಕೊವೆನ್ 1978ರಲ್ಲಿ ಲಂಡನ್ನಿನಲ್ಲಿ ಆಡಿ ಹೆಸರಾದದ್ದೂ ಇದನ್ನೇ. ಕನ್ನಡ ಅನುವಾದಗಳನ್ನು ಗಟ್ಟಿಯಾಗಿ ಓದಿ, ನಾಲಿಗೆಗೆ ಒಗ್ಗುವುದನ್ನು ಆರಿಸಿಕೊಂಡು, ಪ್ರಕಾಶಕರಿಂದ ಲಿಖಿತ ಅನುಮತಿ ಪಡೆಯಿರಿ.

ತಾಲೀಮನ್ನು ಮೊದಲ ಅಧ್ಯಾಯದಿಂದಲ್ಲ, 14ನೆಯ ಅಧ್ಯಾಯದ ಕೊನೆಯಲ್ಲಿ ಪೇತ್ರನು ಯೇಸುವನ್ನು ಅರಿಯೆನೆನ್ನುವ ಪ್ರಸಂಗದಿಂದ ಆರಂಭಿಸುವುದು ಒಳ್ಳೆಯದು. ಮೇಲೆ ಯೇಸುವಿನ ವಿಚಾರಣೆ ನಡೆದಿದೆ, ಕೆಳಗೆ ಅಂಗಳದಲ್ಲಿ ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾನೆ. ದಾಸಿಯೊಬ್ಬಳು ಗುರುತು ಹಿಡಿದೊಡನೆ ಹೊರಬಾಗಿಲ ಕಡೆಗೆ ಸರಿಯುತ್ತಾನೆ. ಬೆಂಕಿಯ ಜಾಗವನ್ನೂ ಬಾಗಿಲನ್ನೂ ರಂಗದ ಮೇಲೆ ಗೊತ್ತುಮಾಡಿಕೊಂಡರೆ, ನಾಲ್ಕು ಹೆಜ್ಜೆಯ ಆ ಸರಿದಾಟವೇ ಅವನ ಭಯವನ್ನು ಹೇಳುತ್ತದೆ. ದಾಸಿಗೆ ಕೀರಲು ದನಿ ಬೇಡ, ಅದು ನಗೆ ತರಿಸುತ್ತದೆ. ದೃಷ್ಟಿಯ ದಿಕ್ಕು, ಮಾತಿನ ವೇಗ ಬದಲಾದರೆ ಸಾಕು. ಪೇತ್ರ ಶಪಿಸಿಕೊಂಡು ಆಣೆಯಿಡುವಲ್ಲಿ ಮಾತ್ರ ನಟ ಪಾತ್ರದೊಳಗೆ ಹೋಗಬಹುದು, ಆದರೆ ಕೋಳಿ ಎರಡನೆಯ ಸಲ ಕೂಗಿತೆನ್ನುವ ಹೊತ್ತಿಗೆ ಕಥೆಗಾರನಾಗಿ ಹಿಂದಿರುಗಿರಬೇಕು. ‘ಅತ್ತನು’ ಎಂಬುದನ್ನು ನಟನೇ ಅತ್ತು ತೋರಿಸಿದರೆ ಪ್ರೇಕ್ಷಕನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಎದುರು ಪಾತ್ರವಿಲ್ಲದ ರಂಗದಲ್ಲಿ ಮರೆತ ಮಾತನ್ನು ಎತ್ತಿಕೊಡುವವರಿರುವುದಿಲ್ಲ. ಆದುದರಿಂದ ವಚನ ಸಂಖ್ಯೆಗಳನ್ನು ಹಿಡಿದು ಕಂಠಪಾಠ ಮಾಡದೆ, ಯಾರು ಎಲ್ಲಿಂದ ಎಲ್ಲಿಗೆ ಹೋದರೆಂಬುದನ್ನು ಹಿಡಿದು ಕಲಿಯಿರಿ. ಪ್ರದರ್ಶನವನ್ನು ಎಲ್ಲಿ ಮುಗಿಸಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು: ಅತ್ಯಂತ ಹಳೆಯ ಕೆಲವು ಹಸ್ತಪ್ರತಿಗಳು 16ನೆಯ ಅಧ್ಯಾಯದ 8ನೆಯ ವಚನದಲ್ಲಿ, ಸ್ತ್ರೀಯರು ಹೆದರಿ ಯೇಸುವಿನ ಸಮಾಧಿಯಿಂದ ಓಡಿಹೋಗುವಲ್ಲಿಗೆ ನಿಲ್ಲುತ್ತವೆ. ರಂಗಕ್ಕೆ ಆ ಥಟ್ಟನೆಯ ನಿಲುಗಡೆ ಬಲವಾದುದು. ಆದರೆ ಚರ್ಚಿನ ಸಭೆಯವರು ಉಳಿದ ವಚನಗಳನ್ನೂ ನಿರೀಕ್ಷಿಸಬಹುದಾದ್ದರಿಂದ ಎರಡಕ್ಕೂ ಸಿದ್ಧರಾಗಿರುವುದು ಜಾಣತನ.

ರಂಗಾಯಣದ ಭೂಮಿಗೀತದಂಥ ರಂಗಮಂದಿರದಲ್ಲಿ ಆಡುವ ವೇಗ ಸಂತ ಫಿಲೋಮಿನಾ ಚರ್ಚಿನಂಥ ಎತ್ತರದ ಚಾವಣಿಯ ಕಟ್ಟಡದಲ್ಲಿ ಹೊಂದದು. ಅಲ್ಲಿ ಪ್ರತಿಧ್ವನಿ ಅಡಗುವವರೆಗೆ ಕಾದು ಮುಂದಿನ ವಾಕ್ಯ ಎತ್ತಬೇಕು. ಇಂಥ ಪ್ರದರ್ಶನಕ್ಕೆ ಬೇಡಿಕೆ ಬಹುಮಟ್ಟಿಗೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕೂ ಕ್ರಿಸ್‌ಮಸ್ಸಿಗೂ ಸೀಮಿತವಾಗಿರುವುದರಿಂದ, ಉಳಿದ ತಿಂಗಳುಗಳಲ್ಲಿ ತಂಡದ ನಾಟಕಗಳನ್ನು ಬಿಡಬೇಡಿ: ಉದ್ದನೆಯ ವಾಕ್ಯವನ್ನು ಒಂದೇ ಉಸಿರಿನಲ್ಲಿ ದಾಟಿಸುವ ಶಕ್ತಿ ಉಳಿಯುವುದು ಆ ದೊಡ್ಡ ಪಾತ್ರಗಳಿಂದಲೇ.