ಹಸಿರು ಸೂಜಿ ನೋಡಿ ಸುಮ್ಮನಾಗಿದ್ದೆ

ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ ದಿನಗಳು. ದಾರಿ ತೋರಿಸುವ ಸೂಜಿ ನಟ್ಟನಡುವೆ ನಿಂತಿತ್ತು, ಬಣ್ಣವೂ ಹಸಿರೇ. ಅಪ್ರೋಚ್, ಅಂದರೆ ರನ್‌ವೇಯತ್ತ ಇಳಿದು ಹೋಗುವ ಕೆಲಸವನ್ನು ಆಟೋಪೈಲಟ್‌ಗೆ ಒಪ್ಪಿಸುವ ಎಪಿಆರ್ ಗುಂಡಿ ಒತ್ತಿ ಆಗಿತ್ತು. ಹಣೆಗೆ ತರಬೇತಿಯ ಹುಡ್ ಕಟ್ಟಿದ್ದರಿಂದ ಹೊರಗಿನದೇನೂ ಕಾಣುತ್ತಿರಲಿಲ್ಲ, ಎದುರಿನ ಜಿ1000 ಪರದೆ ಒಂದೇ ಕಾಣುತ್ತಿತ್ತು. ಇನ್ನೇನು ಗ್ಲೈಡ್‌ಸ್ಲೋಪ್, ಅಂದರೆ ಇಳಿಯುವ ಇಳಿಜಾರನ್ನು ತೋರಿಸುವ ರೇಡಿಯೊ ಅಲೆ ಸಿಗುತ್ತದೆ, ಸೆಸ್ನಾ 172 ತಾನಾಗಿ ಮೂಗು ತಗ್ಗಿಸಿ ಇಳಿಯುತ್ತದೆ ಅಂತ ಕಾಯುತ್ತಾ ಕೂತೆ. ರನ್‌ವೇಗೆ ಆರು ಮೈಲಿ, ಐದು ಮೈಲಿ, ನಾಲ್ಕೂವರೆ. ವಿಮಾನ ಇದ್ದ ಎತ್ತರದಲ್ಲೇ ಹೋಗುತ್ತಿತ್ತು.

ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ವಾಯುಪಡೆಯಿಂದ ನಿವೃತ್ತರಾದವರು, ಚಿಂತಾಮಣಿ ಕಡೆಯವರು. ಬೇರೆ ರಾಜ್ಯದ ಆ ಶಾಲೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. "ಏನಮ್ಮಾ, ಮೇಲ್ಗಡೆ ಏನು ಬರೆದಿದೆ, ಓದು" ಅಂದರು.

ಓದಿದೆ. ಎಡಕ್ಕೆ ಹಸಿರಲ್ಲಿ ವಿಎಪಿಪಿ, ಅಂದರೆ ವಿಒಆರ್ ಎಂಬ ದಾರಿ ತೋರುವ ರೇಡಿಯೊ ಕೇಂದ್ರವನ್ನು ಹಿಡಿದು ಮಾಡುವ ಅಪ್ರೋಚ್. ಬಲಕ್ಕೆ ಎಎಲ್‌ಟಿ, ಅಂದರೆ ಇದ್ದ ಎತ್ತರ ಉಳಿಸಿಕೊಳ್ಳುವುದು.

"ಎಲ್‌ಒಸಿ ಎಲ್ಲಿ? ಜಿಎಸ್ ಎಲ್ಲಿ?"

ಎಲ್‌ಒಸಿ ಅಂದರೆ ರನ್‌ವೇಯ ನೇರ ತೋರಿಸುವ ಲೋಕಲೈಸರ್, ಜಿಎಸ್ ಅಂದರೆ ಗ್ಲೈಡ್‌ಸ್ಲೋಪ್. ಎರಡೂ ಇರಲಿಲ್ಲ. "ಗೋ ಅರೌಂಡ್" ಅಂದರು. ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಿದೆವು.

ಆದದ್ದು ಇಷ್ಟು. ಅಲ್ಲಿಯವರೆಗೆ ನಿಲ್ದಾಣದ ವಿಒಆರ್ ಹಿಡಿದು ಬರುತ್ತಿದ್ದೆ. ಈ ಪರದೆಯಲ್ಲಿ ಜಿಪಿಎಸ್ ಸೂಜಿ ಕಡುಗುಲಾಬಿ ಬಣ್ಣದ್ದು. ವಿಒಆರ್‌ಗೂ ಲೋಕಲೈಸರ್‌ಗೂ ಹಸಿರೇ. ಜಿಪಿಎಸ್ ಬಳಸುತ್ತಿರುವಾಗ ಐಎಲ್‌ಎಸ್, ಅಂದರೆ ಲೋಕಲೈಸರ್, ಗ್ಲೈಡ್‌ಸ್ಲೋಪ್ ಎರಡೂ ಸೇರಿದ ವ್ಯವಸ್ಥೆಯ ಅಪ್ರೋಚ್ ಲೋಡ್ ಮಾಡಿದರೆ ಅದರ ಫ್ರೀಕ್ವೆನ್ಸಿ ನೇರವಾಗಿ ಆಕ್ಟಿವ್ ಜಾಗಕ್ಕೆ ಹೋಗಿ ಕೂರುತ್ತದೆ. ವಿಒಆರ್ ಬಳಸುತ್ತಿರುವಾಗ ಲೋಡ್ ಮಾಡಿದರೆ ಕಾಯುವ ಜಾಗವಾದ ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಹಾಗೆ ಮಾಡುವುದೇ ಸರಿ, ನಾವು ನಂಬಿಕೊಂಡು ಹೋಗುತ್ತಿರುವ ವಿಒಆರನ್ನು ಅದು ಕೇಳದೆ ಕಿತ್ತು ಹಾಕಬಾರದಲ್ಲ. ಸ್ಟ್ಯಾಂಡ್‌ಬೈಯಿಂದ ಆಕ್ಟಿವ್‌ಗೆ ತರುವ ಆ ಒಂದು ಗುಂಡಿಯನ್ನು ನಾನು ಒತ್ತಿರಲಿಲ್ಲ. ನಾನು ಹಿಡಿದಿದ್ದ ವಿಒಆರ್ ಗೆರೆಗೂ ರನ್‌ವೇ ದಿಕ್ಕಿಗೂ ಕೆಲವೇ ಡಿಗ್ರಿ ವ್ಯತ್ಯಾಸ ಇದ್ದುದರಿಂದ ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಆಟೋಪೈಲಟ್ ನಾನು ಹೇಳಿದ ವಿಒಆರ್ ಅಪ್ರೋಚನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡುತ್ತಿತ್ತು.

ಆ ರಜೆಗೆ ಶಿಡ್ಲಘಟ್ಟಕ್ಕೆ ಬಂದಾಗ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ನಮ್ಮ ಮಾವನ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಆಟೋಮ್ಯಾಟಿಕ್ ರೀಲಿಂಗ್ ಮಿಷನ್ ಇದೆ. ನೂಲು ತೆಳ್ಳಗಾದರೆ ತಾನೇ ಗುರುತು ಹಿಡಿದು ಇನ್ನೊಂದು ಗೂಡಿನ ಎಳೆ ಸೇರಿಸುತ್ತದೆ. ಆದರೆ ಗೂಡು ಹದವಾಗಿ ಬೆಂದಿದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಮಾವ ಬೆಳಗಿನಿಂದ ಸಂಜೆಯವರೆಗೆ ಮಿಷನ್ ಉದ್ದಕ್ಕೂ ಓಡಾಡುತ್ತಾ, ಬಗ್ಗಿ ನೋಡುತ್ತಾ ಇರುತ್ತಾರೆ. ಅವರನ್ನು ನೋಡುತ್ತಾ ನಿಂತಾಗ ನನಗೆ ನಾಚಿಕೆಯಾಯಿತು. ಗುಂಡಿ ಒತ್ತಿದ ಮೇಲೆ ನಾನು ನೋಡುವುದನ್ನೇ ಬಿಟ್ಟಿದ್ದೆ.

ರಾತ್ರಿ ತಾರಸಿಯ ಮೇಲೆ ನಿಂತರೆ ದಕ್ಷಿಣಕ್ಕೆ, ಪೂರ್ವದ ಕಡೆಯಿಂದ ದೇವನಹಳ್ಳಿಗೆ ಇಳಿಯುವ ವಿಮಾನಗಳ ದೀಪಗಳು ಒಂದರ ಹಿಂದೊಂದು ಸಾಲುಗಟ್ಟಿ ಕಾಣುತ್ತವೆ. ಅಲ್ಲಿನ ಎರಡೂ ರನ್‌ವೇ ಪೂರ್ವ-ಪಶ್ಚಿಮ. ತಮ್ಮನಿಗೆ ಅದನ್ನೇ ತೋರಿಸಿ ಲೋಕಲೈಸರ್ ಅಂದರೆ ಏನು ಅಂತ ಹೇಳಿದೆ. ರನ್‌ವೇ ತುದಿಯಿಂದ ಬರುವ ಅಲೆಯಲ್ಲಿ ಒಂದು ಪಕ್ಕಕ್ಕೆ 90 ಹರ್ಟ್ಸ್ ದನಿ ಜೋರು, ಇನ್ನೊಂದು ಪಕ್ಕಕ್ಕೆ 150 ಹರ್ಟ್ಸ್ ಜೋರು. ಎರಡೂ ಸಮವಾಗಿರುವ ಗೆರೆಯ ಮೇಲೆ ಸೂಜಿ ನಡುವೆ ನಿಲ್ಲುತ್ತದೆ. ಗ್ಲೈಡ್‌ಸ್ಲೋಪ್‌ನದೂ ಇದೇ ಲೆಕ್ಕ, ಮೇಲೆ-ಕೆಳಗೆ ಅಷ್ಟೇ. ಮರುದಿನ ಅವನು ಪರದೆಯ ಚಿತ್ರ ಪ್ರಿಂಟ್ ತೆಗೆಸಿ ರಟ್ಟಿನ ಪೆಟ್ಟಿಗೆಗೆ ಅಂಟಿಸಿದ. ಚೀಟಿಗಳ ಮೇಲೆ ಅಕ್ಷರ ಬರೆದು, ಬಿಳಿ ಒಂದು ಕಟ್ಟು, ಹಸಿರು ಒಂದು ಕಟ್ಟು ಮಾಡಿಕೊಂಡ. ಮನಸ್ಸಿಗೆ ಬಂದದ್ದನ್ನು ಚಿತ್ರದ ಮೇಲಿಟ್ಟು "ಅಕ್ಕಾ, ಏನ್ ಬರ್ದಿದೆ?" ಅನ್ನುತ್ತಿದ್ದ. ವಿಮಾನ ಈಗ ಏನು ಮಾಡುತ್ತಿದೆ, ಮುಂದೆ ಏನು ಮಾಡಲು ಕಾದಿದೆ, ನಾನು ಏನು ಮಾಡಬೇಕು, ಮೂರನ್ನೂ ಬಾಯಿಬಿಟ್ಟು ಹೇಳಬೇಕು. ಹತ್ತು ದಿನ ಹೀಗೇ ಮಾಡಿದೆವು. ದುಬಾರಿ ಸಿಮ್ಯುಲೇಟರ್ ಗಂಟೆಗಳಿಗಿಂತ ನನಗೆ ಇದರಿಂದಲೇ ಹೆಚ್ಚು ಉಪಯೋಗವಾಯಿತು.

ಈಗ ಹತ್ತು-ಹನ್ನೆರಡು ಮೈಲಿ ಇರುವಾಗಲೇ ಶುರು ಮಾಡುತ್ತೇನೆ. ಐಎಲ್‌ಎಸ್ ಫ್ರೀಕ್ವೆನ್ಸಿ ಆಕ್ಟಿವ್‌ನಲ್ಲಿದೆಯೇ, ಅದರಲ್ಲಿ ಕೇಳುವ ಮೋರ್ಸ್ ಗುರುತು ನಕ್ಷೆಯಲ್ಲಿರುವುದೇ ಹೌದೇ, ಸೂಜಿಯ ಪಕ್ಕದಲ್ಲಿ ಎಲ್‌ಒಸಿ ಅಂತಲೇ ಇದೆಯೇ ನೋಡುತ್ತೇನೆ. ಸೂಜಿಯ ಬಣ್ಣ ನೋಡುವುದಿಲ್ಲ, ಅಕ್ಷರ ಓದುತ್ತೇನೆ. ಹೆಡಿಂಗ್ ಮೋಡ್‌ನಲ್ಲಿ, ಅಂದರೆ ನಾನು ಕೊಟ್ಟ ದಿಕ್ಕು ಹಿಡಿದು, ಸುಮಾರು 30 ಡಿಗ್ರಿ ಕೋನದಲ್ಲಿ ಗೆರೆಯತ್ತ ಹೋಗುತ್ತಾ ಎಪಿಆರ್ ಒತ್ತಿದರೆ ಎಲ್‌ಒಸಿ, ಜಿಎಸ್ ಎರಡೂ ಬಿಳಿಯಲ್ಲಿ ಬರಬೇಕು. ಬಿಳಿ ಅಂದರೆ ಕಾಯುತ್ತಿದೆ, ಹಸಿರು ಅಂದರೆ ಹಿಡಿದಿದೆ. ಒಂದೊಂದು ಹಸಿರಾದಾಗಲೂ ದನಿ ತೆಗೆದು ಹೇಳುತ್ತೇನೆ. ಜಿಎಸ್ ಹಸಿರಾದ ಮೇಲೆ, ಇಳಿಯಲಾಗದಿದ್ದರೆ ಏರಬೇಕಾದ ಎತ್ತರವನ್ನು ಸೆಟ್ ಮಾಡಿಡುತ್ತೇನೆ.

ಗ್ಲೈಡ್‌ಸ್ಲೋಪನ್ನು ಕೆಳಗಿನಿಂದಲೇ ಹಿಡಿಯಬೇಕು. ನಿಜವಾದ ದಾರಿ 3 ಡಿಗ್ರಿಯದು. ಅದಕ್ಕಿಂತ ಮೇಲೆ ಕಡಿದಾದ ಕೋನಗಳಲ್ಲಿ ಸುಳ್ಳು ದಾರಿಗಳೂ ಇರುತ್ತವೆ. 3 ಡಿಗ್ರಿ ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ. ಮೂರು ಮೈಲಿ ಇದ್ದಾಗ ನೆಲದಿಂದ ಹೆಚ್ಚುಕಡಿಮೆ ಸಾವಿರ ಅಡಿ ಇರಬೇಕು. ಇಲ್ಲದಿದ್ದರೆ ಸೂಜಿ ನಡುವಿದ್ದರೂ ನಾನು ನಂಬುವುದಿಲ್ಲ.

ಇನ್ನೊಂದು ಮಾತನ್ನು ಹೊಸಬರಿಗೆ ಕೈ ಹಿಡಿದು ಹೇಳಬೇಕು ಅನಿಸುತ್ತದೆ. ನಮ್ಮಂಥ ಚಿಕ್ಕ ವಿಮಾನದಲ್ಲಿ ಆಟೋಪೈಲಟ್ ಥ್ರಾಟಲ್ ಮುಟ್ಟುವುದಿಲ್ಲ. ಒಮ್ಮೆ ಇಳಿದು ಬಂದು ಎತ್ತರ ಹಿಡಿದ ಮೇಲೆ ಪವರ್ ಕೊಡುವುದನ್ನು ಮರೆತೆ. ಅದು ಎತ್ತರ ಉಳಿಸಿಕೊಳ್ಳಲು ಸದ್ದಿಲ್ಲದೆ ಮೂಗು ಎತ್ತುತ್ತಾ ಹೋಯಿತು, ಮೂಗನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿಡುವ ಟ್ರಿಮ್ ಚಕ್ರ ತಾನಾಗಿ ಹಿಂದಕ್ಕೆ ಉರುಳುತ್ತಾ ಹೋಯಿತು. ವೇಗ 90ರಿಂದ 74 ನಾಟ್‌ಗೆ ಇಳಿದದ್ದು ನನಗೆ ತಿಳಿದದ್ದು ಗಾಳಿಯ ಸದ್ದು ಕಮ್ಮಿಯಾದಾಗ. ಹಾಗೆಯೇ ಬಿಟ್ಟಿದ್ದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್ ಅಂಚಿಗೇ ಒಯ್ಯುತ್ತಿತ್ತು. ಅಂದಿನಿಂದ ಬಲಗೈ ಥ್ರಾಟಲ್ ಬಿಟ್ಟು ಕದಲುವುದಿಲ್ಲ. 90 ನಾಟ್‌ನಲ್ಲಿ ಇಳಿಯುವಾಗ ನಿಮಿಷಕ್ಕೆ ಸುಮಾರು 480 ಅಡಿ ಇಳಿತ ಕಾಣಬೇಕು. ಹೆಚ್ಚಿದ್ದರೆ ಹಿಂದಿನಿಂದ ಗಾಳಿ ಇದೆ ಅಂತ ಅರ್ಥ.

ಆಟೋಪೈಲಟ್ ಚಾಲೂ ಇರುವಾಗ ವಿಮಾನದ ಹಿಡಿಕೆಯಾದ ಯೋಕ್ ತಳ್ಳಿ ತಿದ್ದಲು ಹೋಗಬಾರದು. ಕೈಯ ಒತ್ತಡಕ್ಕೆ ಎದುರಾಗಿ ಅದು ಟ್ರಿಮ್ ಮಾಡಬಹುದು, ಬಿಟ್ಟ ಕೂಡಲೇ ವಿಮಾನ ಎಗರುತ್ತದೆ. ಇಷ್ಟವಾಗದಿದ್ದರೆ ಕೆಂಪು ಗುಂಡಿ ಒತ್ತಿ ಪೂರ್ತಿ ಬಿಡಿಸಿ. ನಮ್ಮ ವಿಮಾನದ ಕೈಪಿಡಿ ಅಪ್ರೋಚ್‌ನಲ್ಲಿ 200 ಅಡಿಯವರೆಗೆ ಆಟೋಪೈಲಟ್ ಬಳಸಲು ಬಿಡುತ್ತದೆ. ರನ್‌ವೇ ಕಂಡರೆ ನಾನು 500ಕ್ಕೇ ಬಿಡಿಸುತ್ತೇನೆ, ಕೈಗೆ ವಿಮಾನದ ತೂಕ ಗೊತ್ತಾಗಲು ಅಷ್ಟು ಹೊತ್ತು ಬೇಕು. ಗೋ ಅರೌಂಡ್ ಗುಂಡಿ ಒತ್ತಿದರೆ ನಾನು ಹಾರಿಸುವ ವಿಮಾನದಲ್ಲಿ ಆಟೋಪೈಲಟ್ ಬಿಟ್ಟುಕೊಳ್ಳುತ್ತದೆ, ಏರುವ ದಾರಿ ತೋರಿಸುತ್ತದೆ ಅಷ್ಟೇ. ಹಾರಿಸಬೇಕಾದವಳು ನಾನೇ. ಅದಕ್ಕೇ ಅಭ್ಯಾಸದಲ್ಲಿ ಒಂದು ಅಪ್ರೋಚ್ ಆಟೋಪೈಲಟ್‌ನಲ್ಲಿ ಮಾಡಿದರೆ ಮುಂದಿನದನ್ನು ಬರಿಗೈಯಲ್ಲಿ ಮಾಡುತ್ತೇನೆ.

ಮೊದಲ ಸಲ ಹುಡ್ ಇಲ್ಲದೆ ನಿಜವಾದ ಮೋಡದೊಳಗೆ ಇಳಿದದ್ದು ಮಳೆಗಾಲದ ಒಂದು ಬೆಳಗ್ಗೆ. ಗಾಜಿನ ತುಂಬ ಹಾಲು ಬಳಿದ ಹಾಗೆ ಬಿಳುಪು, ರೆಕ್ಕೆಯ ಕೆಳಗೆ ಸಣ್ಣ ಕುಲುಕಾಟ. ಎಲ್‌ಒಸಿ ಬಿಳಿ, ಎಲ್‌ಒಸಿ ಹಸಿರು, ಜಿಎಸ್ ಹಸಿರು, ವೇಗ 90, ಮೂರು ಮೈಲಿ, ಸಾವಿರದ ಹತ್ತಿರ. ಓದುತ್ತಾ ಓದುತ್ತಾ ಬಂದೆ. ಸರ್ ಒಂದು ಮಾತೂ ಕೇಳಲಿಲ್ಲ. ಏಳುನೂರು ಅಡಿಯಲ್ಲಿ ಬಿಳುಪು ಹರಿದು, ಒದ್ದೆ ರನ್‌ವೇಯ ದೀಪಗಳು ಮೂಗಿನಿಂದ ತುಸು ಎಡಕ್ಕೆ ಕಂಡವು. ಬಲಗಡೆಯಿಂದ ಗಾಳಿ ಇತ್ತು. ಯೋಕ್ ಗಟ್ಟಿಯಾಗಿ ಹಿಡಿದು ಕೆಂಪು ಗುಂಡಿ ಒತ್ತಿದೆ.