ಬೋಧಗಯೆಗೆ ಮತ್ತೆ ಹೋಗುವ ಮನಸ್ಸಾಗಬೇಕಾ? ದುಡ್ಡಿನ ಲೆಕ್ಕ ಹೀಗಿಡಿ

ಬೌದ್ಧ ಕ್ಷೇತ್ರಗಳಿಗೆ ಹೋಗಿ ಬಂದವರನ್ನು ‘ಮತ್ತೆ ಹೋಗ್ತೀರಾ?’ ಅಂತ ಕೇಳಿ ನೋಡಿ. ಎಷ್ಟೋ ಜನ ಮೊದಲು ಎತ್ತುವುದು ಖರ್ಚಿನ ಮಾತನ್ನೇ. ಒಟ್ಟು ಎಷ್ಟಾಯಿತು ಅನ್ನುವುದಕ್ಕಿಂತ, ಯಾರು ಎಲ್ಲಿ ಎಷ್ಟು ಕೇಳುತ್ತಾರೋ ಅನ್ನುವ ಆತಂಕವೇ ಜಾಸ್ತಿ ಕಾಡುತ್ತದೆ. ಅದನ್ನು ಹೊರಡುವ ಮೊದಲೇ ಕಳೆದುಕೊಳ್ಳಬಹುದು.

ನವೆಂಬರ್‌ನಿಂದ ಫೆಬ್ರವರಿವರೆಗೆ ಬೋಧಗಯೆಯಲ್ಲಿ ಜನಜಾತ್ರೆ, ಬಾಡಿಗೆಯೂ ಏರಿರುತ್ತದೆ. ಕೈ ಬಿಗಿ ಇದ್ದರೆ ಮಾರ್ಚ್‌ನಲ್ಲಿ ಹೋಗಿ. ಕೆಲವು ವಿಹಾರಗಳಲ್ಲಿ ಯಾತ್ರಿಕರಿಗೆ ಸರಳ ಕೋಣೆ ಸಿಗುತ್ತದೆ. ಮೊದಲೇ ವಿಚಾರಿಸಿ.

ನಿಜವಾದ ತಲೆನೋವು ಶುರುವಾಗುವುದು ಗಯಾ ರೈಲು ನಿಲ್ದಾಣದ ಹೊರಗೆ. ಬೋಧಗಯೆ ಅಲ್ಲಿಂದ ಸುಮಾರು 15 ಕಿಲೋಮೀಟರ್. ಬ್ಯಾಗು ಆಟೋಗೆ ಏರುವ ಮೊದಲೇ ಎರಡು ಮಾತು ಕೇಳಿ: ಶೇರ್ ಆಟೋನಾ, ಇಡೀ ಆಟೋನಾ? ಹೇಳಿದ ರೇಟು ತಲೆಗೋ, ಗಾಡಿಗೋ? ಇದು ಬಗೆಹರಿದರೆ ದಾರಿಯಲ್ಲಿ ಜಗಳವಿಲ್ಲ. ಇಳಿಯುವಾಗ ಮನಸ್ಸು ಕೆಟ್ಟಿದ್ದರೆ ಬೋಧಿವೃಕ್ಷದ ಕೆಳಗೆ ಕೂತರೂ ಅದೇ ತಲೆಯಲ್ಲಿ ಸುತ್ತುತ್ತದೆ, ಅಲ್ವಾ?

ಮಹಾಬೋಧಿ ದೇವಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ದಾನದ ಹಣವನ್ನು ಬೇರೆ ಕವರಿನಲ್ಲಿಡಿ, ಅದು ಖಾಲಿಯಾದ ಮೇಲೆ ಕೈಮುಗಿದು ಮುಂದೆ ನಡೆಯಿರಿ. ಸಂಕೋಚ ಬೇಡ. ನನಗಂತೂ ಈ ಕವರಿನಿಂದಲೇ ಜಾಸ್ತಿ ನೆಮ್ಮದಿ ಸಿಕ್ಕಿದೆ.

ಬುದ್ಧ ಹುಟ್ಟಿದ ಲುಂಬಿನಿಗೂ ಹೋಗುವುದಾದರೆ, ಅದು ನೇಪಾಳದಲ್ಲಿದೆ. ನಮ್ಮ 100 ರೂಪಾಯಿ ಅಲ್ಲಿನ 160 ರೂಪಾಯಿಗೆ ಸಮ. ಬೆಲೆ ಹೇಳಿದಾಗ ಯಾವ ದೇಶದ ರೂಪಾಯಿ ಅಂತ ಆಗಲೇ ಕೇಳಿಕೊಳ್ಳಿ. ಕೈಯಲ್ಲಿ ನಮ್ಮ ನೂರರ ನೋಟುಗಳೇ ಜಾಸ್ತಿ ಇರಲಿ.