ಅಂಗಡಿಯವರು ಮಸೂದೆ ಓದಬೇಕಾದ ಕ್ರಮ

ಪರವಾನಗಿ ಮತ್ತು ಶಿಕ್ಷೆಗೆ ಸಂಬಂಧಿಸಿದ ಮಸೂದೆ ಮಂಡನೆಯಾದಾಗಲೆಲ್ಲ ನಮ್ಮ ವ್ಯಾಪಾರಿಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದ ಹತ್ತು ಸಾಲಿನ ಸಾರಾಂಶವನ್ನು ನಂಬಿ ಕೂರುತ್ತಾರೆ. ಅದನ್ನು ಬದಿಗಿಟ್ಟು, ಮಂಡಿತವಾದ ಮಸೂದೆಯ ಕನ್ನಡ ಪ್ರತಿಯನ್ನೇ ತರಿಸಿಕೊಳ್ಳಿ.

ಮೊದಲು ಕೊನೆಯ ಪುಟಗಳಲ್ಲಿರುವ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ'ಯನ್ನು ಓದಿ. ತಿದ್ದುಪಡಿ ಮಸೂದೆಯಾದರೆ ಮೂಲ ಅಧಿನಿಯಮವನ್ನು ಪಕ್ಕದಲ್ಲಿಟ್ಟುಕೊಂಡು, 'ಪ್ರತಿಯೋಜಿಸತಕ್ಕದ್ದು' ಎಂದಿರುವ ಕಡೆಯಲ್ಲೆಲ್ಲ ಹಳೆಯ ಪದವನ್ನು ಪೆನ್ಸಿಲ್‌ನಲ್ಲಿ ಹೊಡೆದು ಹೊಸದನ್ನು ಬರೆಯಿರಿ.

ಜನ ಎಡವುವುದು ಶಿಕ್ಷೆಯ ಖಂಡದಲ್ಲಿ. 'ಜೈಲು ತೆಗೆದರಂತೆ' ಎಂದು ನಮ್ಮ ಬೀದಿಯ ಬೇಕರಿಯವರು ಒಮ್ಮೆ ಸಂಭ್ರಮಿಸಿದ್ದರು. ಉಳಿದಿದ್ದ ಪದ 'ಜುಲ್ಮಾನೆ' ಎಂಬುದನ್ನು ಅವರು ಗಮನಿಸಿರಲಿಲ್ಲ. ಜುಲ್ಮಾನೆ (ಫೈನ್) ಮತ್ತು ದಂಡ (ಪೆನಾಲ್ಟಿ) ಎರಡನ್ನೂ ಪತ್ರಿಕೆಗಳು 'ದಂಡ' ಎಂದೇ ಬರೆಯುತ್ತವೆಯಾದರೂ, ಜುಲ್ಮಾನೆಯನ್ನು ವಿಧಿಸುವುದು ನ್ಯಾಯಾಲಯ. ಅಂದರೆ ಮೊಕದ್ದಮೆ ನಡೆದು ನೀವು ಅಪರಾಧಿಯೆಂದು ತೀರ್ಮಾನವಾಗಿರುತ್ತದೆ. ಅಧಿಕಾರಿಯೇ ವಿಚಾರಿಸಿ ವಿಧಿಸುವ ದಂಡದಲ್ಲಿ ಆ ಕಳಂಕವಿಲ್ಲ, ಆದರೆ ಮೇಲ್ಮನವಿ ಯಾರಲ್ಲಿ, ಎಷ್ಟು ದಿನದೊಳಗೆ ಎಂಬುದನ್ನು ಹುಡುಕಿ ಗುರುತು ಹಾಕಿಕೊಳ್ಳಲೇಬೇಕು. ಕೇಂದ್ರದ 2023ರ ಜನ ವಿಶ್ವಾಸ ಅಧಿನಿಯಮವು 42 ಕಾಯ್ದೆಗಳ 183 ಉಪಬಂಧಗಳನ್ನು ಸಡಿಲಿಸಿತಾದರೂ, ಅದರಡಿಯ ಕನಿಷ್ಠ ಜುಲ್ಮಾನೆ ಮತ್ತು ದಂಡದ ಮೊತ್ತ ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರುವಂತೆಯೂ ಮಾಡಿತು. ಮಧ್ಯಪ್ರದೇಶ, ಛತ್ತೀಸ್‌ಗಢಗಳಂಥ ರಾಜ್ಯಗಳೂ ಅದೇ ಹಾದಿಯ ಕಾನೂನು ತಂದಿರುವುದರಿಂದ ಇಂಥ ಏರಿಕೆಯ ಖಂಡವನ್ನು ಹುಡುಕುವ ಅಭ್ಯಾಸ ಒಳ್ಳೆಯದು. 'ಸಂಜ್ಞೇಯ' ಎಂದಿದ್ದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಶಿಕ್ಷೆ ತಪ್ಪಿಗೆ ತಕ್ಕಷ್ಟಿದೆಯೇ ಎಂದು ಕೇಳಲು ಸಂಕೋಚ ಬೇಡ: 2025ರ ಫೆಬ್ರುವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಮೊದಲು ಹಿಂದಿರುಗಿಸಿದ್ದಕ್ಕೆ, ಗರಿಷ್ಠ 3 ಲಕ್ಷ ರೂಪಾಯಿ ಸಾಲದ ವ್ಯವಹಾರಕ್ಕೆ 10 ವರ್ಷ ಸೆರೆವಾಸ ಹೆಚ್ಚಾಯಿತೆಂಬ ಆಕ್ಷೇಪವೂ ಒಂದು ಕಾರಣ. ನಂತರ ಅದು ಜಾರಿಗೆ ಬಂತೆನ್ನುವುದು ಬೇರೆ ಮಾತು.

ಪರವಾನಗಿಯ ಖಂಡದಲ್ಲಿ 'ನಿಯಮಿಸಬಹುದಾದ ಶುಲ್ಕ' ಎಂದಿದ್ದರೆ ಮೊತ್ತ ಮುಂದೆ ನಿಯಮಗಳಲ್ಲಿ ಬರುತ್ತದೆ; ಕರಡು ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಿ. ಗೊತ್ತುಪಡಿಸಿದ ಅವಧಿಯೊಳಗೆ ಅರ್ಜಿ ಇತ್ಯರ್ಥವಾಗದಿದ್ದರೆ ಪರವಾನಗಿ 'ಮಂಜೂರಾಗಿದೆಯೆಂದು ಭಾವಿಸತಕ್ಕದ್ದು' ಎಂಬ ವಾಕ್ಯ ಇಲ್ಲದಿದ್ದರೆ, ಅದನ್ನು ಸೇರಿಸುವಂತೆ ಕೇಳಿ.

ಮಸೂದೆ ಅಂಗೀಕಾರವಾಗುವ ಮುನ್ನವೇ ನಿಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ತಲುಪಿಸಿ. ಅದರಲ್ಲಿ ಖಂಡದ ಸಂಖ್ಯೆ, ಬೇಡವಾದ ಪದ, ಬದಲಿಗೆ ಬೇಕಾದ ಪದ ಇರಲಿ. 'ಸಣ್ಣ ವ್ಯಾಪಾರಿಗಳಿಗೆ ಅನ್ಯಾಯ' ಎಂಬ ಒಂದೇ ಸಾಲಿನ ಮನವಿ ಹಿಡಿದು ಯಾವ ಶಾಸಕರೂ ತಿದ್ದುಪಡಿ ಸೂಚಿಸಲಾರರು.